ಮನೆಗೆ ಅರ್ಧ ದುಡ್ಡು ಹಾಕ್ತೀನಿ ಅಂತ ಯಾರಾದರೂ ಬಂದರೆ, ಸಹಿ ಹಾಕುವ ಮುಂಚೆ ಇದನ್ನು ಓದಿ

“ಅರ್ಧ ದುಡ್ಡು ನಾನು ಹಾಕ್ತೀನಿ. ಮನೆಯಲ್ಲಿ ನೀವೇ ಇರಿ. ನನ್ನ ಅರ್ಧಕ್ಕೆ ಸಣ್ಣ ಬಾಡಿಗೆ ಕೊಡಿ. ಬೆಲೆ ಏರಿದ ಮೇಲೆ ಲಾಭ ಹಂಚಿಕೊಳ್ಳೋಣ.” ನಮ್ಮ ಬೀದಿಯಲ್ಲೇ ಒಬ್ಬರಿಗೆ ಈ ಮಾತು ಬಂದಿದೆ ಎಂದು ಮೊನ್ನೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತುಮಕೂರಿನ ಶೆಟ್ಟಿಹಳ್ಳಿ ಕಡೆ 30-40 ಸೈಟಿನ ಮನೆ. ನಮ್ಮ ಯಜಮಾನರಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಊರಿನ ಜಮೀನಿನ ಪಾಲು ಮಾರಿದ್ದು, ಪಿಎಫ್ ತೆಗೆದಿದ್ದು ಎಲ್ಲ ಸೇರಿ ಅರ್ಧ ಬೆಲೆ ಆಯಿತು. ಉಳಿದರ್ಧ ಹಾಕಿದವರು ಬೆಂಗಳೂರಿನ ಒಬ್ಬ ಹೂಡಿಕೆದಾರರು. “ಇಂಗ್ಲೆಂಡಿನಲ್ಲೂ ಹೀಗೇ ಮನೆ ತಗೋತಾರೆ ಅಕ್ಕಾ, ಏನೂ ಯೋಚನೆ ಮಾಡಬೇಡಿ” ಅಂದರು. ಅಲ್ಲಿ ಅಂಥ ವ್ಯವಸ್ಥೆ ಇರುವುದು ನಿಜ. ಆದರೆ ಅಲ್ಲಿ ಉಳಿದ ಪಾಲು ಸಾಮಾನ್ಯವಾಗಿ ವಸತಿ ಸಂಸ್ಥೆಗಳ ಕೈಯಲ್ಲಿರುತ್ತದೆ. ವಾಸ ಇರುವವರು ಪಾಲು ಹೆಚ್ಚಿಸಿಕೊಳ್ಳುವುದು ಹೇಗೆ ಅನ್ನುವುದು ಕರಾರಿನಲ್ಲೇ ಇರುತ್ತದೆ. ಇಲ್ಲಿ ನಾವಿದ್ದದ್ದು ಒಬ್ಬ ವ್ಯಕ್ತಿಯ ಮಾತಿನ ಮೇಲೆ.

ಕ್ರಯಪತ್ರ ಇಬ್ಬರ ಹೆಸರಿಗೂ ಸಮಪಾಲಾಗಿ ರಿಜಿಸ್ಟರ್ ಆಯಿತು, ಜಂಟಿ ಖಾತೆಯೂ ಆಯಿತು. ಐದು ವರ್ಷ ಮಾರುವಂತಿಲ್ಲ, ಮಾರುವುದಾದರೆ ಮೊದಲು ನಮ್ಮನ್ನೇ ಕೇಳಬೇಕು ಅನ್ನುವ ಷರತ್ತುಗಳು ಮಾತ್ರ ಛಾಪಾ ಕಾಗದದಲ್ಲಿ ಉಳಿದವು. ಅದನ್ನೂ ರಿಜಿಸ್ಟರ್ ಮಾಡಿಸೋಣ ಅಂದಾಗ “ಸುಮ್ನೆ ಖರ್ಚು, ನೋಟರಿ ಸೀಲ್ ಸಾಕು” ಅಂತ ಅವರೇ ತಡೆದರು.

ಮಕ್ಕಳು ದೊಡ್ಡವರಾದರು, ಮೇಲೆ ಒಂದು ರೂಮು ಬೇಕಾಯಿತು. ಬ್ಯಾಂಕಿಗೆ ಹೋದರೆ ಇನ್ನೊಬ್ಬ ಮಾಲೀಕರ ಸಹಿ ಬೇಕು ಅಂದರು. ಸಾಲಕ್ಕೆ ಸಹಿ ಹಾಕಲ್ಲ ಅಂತ ಅವರು ಕೈಯಾಡಿಸಿಬಿಟ್ಟರು. ಕಟ್ಟಿಕೊಳ್ಳೋಕೆ ಮಾತ್ರ ಅಡ್ಡಿ ಇಲ್ಲವಂತೆ. ಒಡವೆ ಅಡ ಇಟ್ಟು ರೂಮು ಕಟ್ಟಿದೆವು. ಮೆಟ್ಟಿಲು, ಸಂಪು, ಕಾಂಪೌಂಡಿನ ಗ್ರಿಲ್ ಎಲ್ಲ ನಮ್ಮ ದುಡ್ಡೇ.

ಐದು ವರ್ಷ ತುಂಬುವ ಮೊದಲೇ ಅವರಿಗೆ ದುಡ್ಡು ಬೇಕಾಯಿತು. ಬೆಲೆ ಕಟ್ಟುವವರನ್ನು ಕರೆತಂದರು. ಆ ಮನುಷ್ಯ ಮೇಲಿನ ರೂಮಿಗೆ ಟೇಪು ಹಿಡಿದರು, ಗ್ರಿಲ್ ಅಳೆದರು. ಸಂಪಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ಆಳ ನೋಡಿದರು. ಎಲ್ಲ ಸೇರಿಸಿ ಒಂದು ಮೊತ್ತ ಬರೆದರು. ಅದರಲ್ಲಿ ಅರ್ಧ ತಮ್ಮದು ಅನ್ನುವುದು ಹೂಡಿಕೆದಾರರ ಲೆಕ್ಕ. ನನ್ನ ಒಡವೆ ಅಡಕ್ಕೆ ಹೋಗಿ ಎದ್ದ ಗೋಡೆಯಲ್ಲೂ ಅವರಿಗೆ ಅರ್ಧ! ಕೇಳಿದ್ದಕ್ಕೆ, “ಪತ್ರದಲ್ಲಿ ಅರ್ಧ ಅಂತ ತಾನೇ ಇರೋದು?” ಅಂದರು.

ನಾವು ಒಪ್ಪಲಿಲ್ಲ. ಆಮೇಲೆ ಗುರುತು ಪರಿಚಯ ಇಲ್ಲದವರು ಮನೆ ನೋಡಲು ಬರತೊಡಗಿದರು. ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ, ಅವರನ್ನು ದಾಟಿಕೊಂಡು ಒಳಗೆ ನುಗ್ಗಿ ಅಡುಗೆಮನೆ ಇಣುಕುತ್ತಿದ್ದರು. ಆ ವಯಸ್ಸಾದ ಜೀವಕ್ಕೆ ಎಷ್ಟು ಅವಮಾನ ಆಯಿತು ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ವಕೀಲರು ಹೇಳಿದ್ದನ್ನು ಎಲ್ಲರೂ ತಿಳಿದಿರಬೇಕು. ಜಂಟಿ ಮಾಲೀಕರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಬಹುದು. ಅವಿಭಕ್ತ ಕುಟುಂಬದ ವಾಸದ ಮನೆಯಾದರೆ, ಪಾಲು ಕೊಂಡ ಹೊರಗಿನವರು ಒಳಗೆ ಬಂದು ಕೂರದಂತೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ತಡೆಯುತ್ತದೆ. ನಾವೂ ಅವರೂ ಒಂದೇ ಕುಟುಂಬ ಅಲ್ಲವಲ್ಲ, ಆ ರಕ್ಷಣೆ ನಮಗಿಲ್ಲ. ಇನ್ನೊಂದು, 1893ರ ವಿಭಾಗ ಕಾಯ್ದೆ. ಆಸ್ತಿಯನ್ನು ಸರಿಯಾಗಿ ಭಾಗ ಮಾಡಲು ಆಗದಿದ್ದರೆ, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ಅದನ್ನು ಮಾರಿ ದುಡ್ಡು ಹಂಚಿ ಅಂತ ಕೋರ್ಟನ್ನು ಕೇಳಬಹುದು. 30-40 ಸೈಟಿನ ಮನೆಯನ್ನು ಎಲ್ಲಿಂದ ಭಾಗ ಮಾಡುತ್ತೀರಿ? ಕೋರ್ಟು ಕಟ್ಟಿಸಿದ ಬೆಲೆಗೆ ಆ ಪಾಲನ್ನು ನಾವೇ ಕೊಳ್ಳುತ್ತೇವೆ ಎಂದು ಕೇಳಲು ಅವಕಾಶ ಇದೆ. ಆದರೆ ದುಡ್ಡು ಹೊಂದಿಸುವವರು ನಾವೇ.

ನೋಟರಿ ಕಾಗದ ಇಸಿಯಲ್ಲಿ, ಅಂದರೆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಕಾಣುವುದಿಲ್ಲ. ಪಾಲು ಕೊಳ್ಳಲು ಬಂದವರು ಇಸಿ ತೆಗೆಸಿ ನೋಡಿದರೆ ನಮ್ಮ ಷರತ್ತಿನ ಸುಳಿವೂ ಸಿಗುವುದಿಲ್ಲ. ಗೊತ್ತಿಲ್ಲದೆ ಕೊಂಡೆವು ಅಂತ ಅವರು ವಾದಿಸಿದರೆ ನಮಗೆ ಕಷ್ಟ.

ಕೊನೆಗೆ ಬ್ಯಾಂಕ್ ಸಾಲ ಮಾಡಿ ಅವರ ಪಾಲು ನಾವೇ ಕೊಂಡೆವು. ತಮಗೆ ದುಡ್ಡು ಬರುತ್ತದೆ ಅನ್ನುವಾಗ ಸಹಿಗೆ ಅವರೇ ಓಡಿ ಬಂದರು. ಮೇಲಿನ ರೂಮಿನ ಲೆಕ್ಕದಲ್ಲಿ ಒಂದಿಷ್ಟು ಮಾತ್ರ ಬಿಟ್ಟರು. ಅರ್ಧ ಪಾಲಿನ ಕ್ರಯಕ್ಕೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಇನ್ನೊಂದು ಸಲ ಬಿತ್ತು.

ಇಂಥ ಮಾತುಕತೆಯಲ್ಲಿ ಇರುವವರು ದಯವಿಟ್ಟು ನಿಮ್ಮದೇ ವಕೀಲರಿಂದ ಕರಡು ಬರೆಸಿ, ಅವರ ಕಡೆಯವರಿಂದ ಬೇಡ. ಯಾವಾಗ ಪಾಲು ಕೊಳ್ಳಬಹುದು, ಬೆಲೆ ಕಟ್ಟುವವರು ಯಾರು, ಬಾಡಿಗೆ ಎಷ್ಟು ಏರಬಹುದು, ಕಂದಾಯ ಯಾರು ಕಟ್ಟಬೇಕು, ಒಬ್ಬರು ತೀರಿಕೊಂಡರೆ ಅವರ ವಾರಸುದಾರರಿಗೂ ಷರತ್ತು ಅನ್ವಯಿಸುತ್ತದಾ, ಎಲ್ಲ ಅದರಲ್ಲಿರಲಿ. ಆ ಪತ್ರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗಲಿ. ಬೇಡ ಅಂದವರ ಜೊತೆ ವ್ಯವಹಾರವೇ ಬೇಡ. ವಾಸ ಇರುವವರು ಹೊಸದಾಗಿ ಕಟ್ಟಿದ್ದನ್ನು ಬೆಲೆಯಿಂದ ಕಳೆದು ಉಳಿದದ್ದನ್ನೇ ಹಂಚಬೇಕು ಅಂತ ಸ್ಪಷ್ಟವಾಗಿ ಬರೆಸಿ. ಸಿಮೆಂಟು, ಕಬ್ಬಿಣ, ಗಾರೆ ಕೆಲಸದವರ ಕೂಲಿ, ಎಲ್ಲದರ ಬಿಲ್ಲೂ ರಸೀದಿಯೂ ನಿಮ್ಮ ಹೆಸರಿನಲ್ಲಿ ಇರಲಿ.