ಆರ್15 ವಿ4: ಟಾಪ್ ಸ್ಪೀಡ್ ಬಿಡಿ, ಬ್ರೇಕ್ ನೋಡಿ

ಯಮಹಾ ಆರ್15 ವಿ4 ಬೈಕ್ ಅಂದ ತಕ್ಷಣ ಎಲ್ರೂ ಎಷ್ಟು ಓಡತ್ತೆ ಅಂತಾನೇ ಕೇಳೋದು, ಹೆಂಗೆ ನಿಲ್ಲತ್ತೆ ಅಂತ ಒಬ್ರೂ ಕೇಳಲ್ಲ. ನನ್ ಪ್ರಕಾರ ಈ ಗಾಡಿ ತಗೊಳ್ಬೇಕಾಗಿರೋದೇ ಅದಕ್ಕೆ.

155 ಸಿಸಿ, 18.4 ಪಿಎಸ್, ತೂಕ ಸುಮಾರು 142 ಕೆಜಿ. ಏನ್ ಮಹಾ ಅನ್ಸಬಹುದು, ಆದ್ರೆ 7400 ಆರ್‌ಪಿಎಂ ಹತ್ರ ವಿವಿಎ (ವಾಲ್ವ್ ತೆರೆಯೋ ರೀತಿ ಬದಲಾಯಿಸೋ ವ್ಯವಸ್ಥೆ) ಆನ್ ಆಗಿ ಇನ್‌ಟೇಕ್ ವಾಲ್ವ್‌ಗಳು ಬೇರೆ ಕ್ಯಾಮ್ ಮೇಲೆ ಓಡೋಕೆ ಶುರು ಮಾಡ್ತವೆ, ಮೀಟರಲ್ಲಿ ವಿವಿಎ ಅಂತ ಬರತ್ತೆ, ಸೌಂಡೂ ಬದಲಾಗತ್ತೆ, ಅಲ್ಲಿಂದ 10000 ವರೆಗೂ ಸುಸ್ತೇ ಇಲ್ದಂಗೆ ಎಳೆಯತ್ತೆ. ಕೆಳಗಡೆ ಆ ಜೋಶ್ ಇಲ್ಲ, ಓವರ್‌ಟೇಕ್‌ಗೆ ಗೇರ್ ಇಳಿಸಲೇಬೇಕು. ಸ್ಲಿಪ್ಪರ್ ಕ್ಲಚ್ ಇರೋದ್ರಿಂದ ಗೇರ್ ಇಳಿಸಿದ್ರೂ ಹಿಂದಿನ ಚಕ್ರ ಕುಣಿಯಲ್ಲ.

ಈಗ ಬ್ರೇಕ್. ಡ್ಯುಯಲ್ ಚಾನೆಲ್ ಎಬಿಎಸ್ (ಬ್ರೇಕ್ ಹಿಡಿದಾಗ ಎರಡೂ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ), ಮುಂದೆ 282 ಎಂಎಂ ಡಿಸ್ಕು, ಹಿಂದೆ 220. ಒದ್ದೆ ರೋಡಲ್ಲಿ ಬಿಳಿ ಪಟ್ಟೆ ಮೇಲೆ ಜೋರಾಗಿ ಹಿಡೀಬೇಕಾಗಿ ಬಂದ್ರೆ ಲಿವರ್ ಬೆರಳಡಿ ಟಕಟಕ ಅಂತ ಒದೆಯತ್ತೆ, ಹೊಸಬರಿಗೆ ಏನೋ ಮುರೀತು ಅನ್ಸಿ ಕೈ ಸಡಿಲ ಮಾಡಿಬಿಡ್ತಾರೆ, ಮಾಡ್ಬೇಡಿ, ಹಿಡ್ಕೊಂಡೇ ಇರಿ, ಚಕ್ರ ಲಾಕ್ ಆಗೋದ್ರಲ್ಲಿ ಎಬಿಎಸ್ಸೇ ಪ್ರೆಷರ್ ಬಿಟ್ಟು ಮತ್ತೆ ಹಿಡೀತಾ ಇರತ್ತೆ, ಗಾಡಿ ನೇರ ನಿಲ್ಲತ್ತೆ, ಅಡ್ಡ ಬಂದೋರನ್ನ ತಪ್ಪಿಸೋಕೂ ಆಗತ್ತೆ. ಹಂಗಂತ ಎಬಿಎಸ್ ಇದೆ ಅಂತ ಮೈಮರೆತ್ರೆ ಕಷ್ಟ. ಸಡಿಲ ಜಲ್ಲಿ ಮೇಲೆ ನಿಲ್ಲೋಕೆ ಜಾಸ್ತಿ ದೂರ ಬೇಕಾಗಬಹುದು. ಗಾಡಿ ಎಷ್ಟು ವಾಲಿದೆ ಅಂತ ನೋಡೋ ಸೆನ್ಸರ್ ಇದ್ರಲ್ಲಿಲ್ಲ, ಅಂದ್ರೆ ಇದು ಕಾರ್ನರಿಂಗ್ ಎಬಿಎಸ್ ಅಲ್ಲ, ತಿರುವಿಗೆ ಮುಂಚೇನೇ ಸ್ಪೀಡ್ ಇಳಿಸ್ಕೊಳ್ಳಿ.

ಕೀ ಹಾಕಿದಾಗ ಎಬಿಎಸ್ ಲೈಟ್ ಉರಿದು ಗಾಡಿ ಮುಂದೆ ಹೋದ್ಮೇಲೆ ಆರೋದು ಮಾಮೂಲಿ. ಓಡುವಾಗ್ಲೂ ಉರೀತಿದ್ರೆ ಚಕ್ರದ ಸೆನ್ಸರ್ ಹತ್ರ ಕೆಸರು ಕೂತಿದ್ಯಾ ನೋಡಿ, ಆಮೇಲೂ ಆರಿಲ್ಲ ಅಂದ್ರೆ ಸರ್ವೀಸ್‌ಗೆ ಬಿಡಿ.

ಹಿಂದಿನ ಚಕ್ರ ಜಾರದಂಗೆ ನೋಡ್ಕೊಳ್ಳೋ ಟ್ರಾಕ್ಷನ್ ಕಂಟ್ರೋಲ್ ಇದೆ, ಕೆಲವು ವೇರಿಯಂಟಲ್ಲಿ ಕ್ಲಚ್ ಹಿಡೀದೆ ಗೇರ್ ಹಾಕೋ ಕ್ವಿಕ್‌ಶಿಫ್ಟರೂ ಇದೆ ಆದ್ರೆ ಗೇರ್ ಏರ್ಸೋಕೆ ಮಾತ್ರ. ಟ್ರ್ಯಾಕ್ ಮೋಡ್ ಅಂತ ನೋಡಿ ಖುಷಿ ಪಡ್ಬೇಡಿ, ಡಿಸ್‌ಪ್ಲೇ ಬದಲಾಗತ್ತೆ ಅಷ್ಟೇ, ಪವರ್ ಏನೂ ಜಾಸ್ತಿ ಆಗಲ್ಲ (ಫ್ರೆಂಡ್ಸ್ ಮುಂದೆ ಬಿಲ್ಡಪ್ ಕೊಡೋಕೆ ಸಾಕು).

ಹ್ಯಾಂಡಲ್ ತಗ್ಗಲ್ಲಿದೆ, ಸೀಟ್ 815 ಎಂಎಂ, ಟ್ರಾಫಿಕ್ಕಲ್ಲಿ ಭಾರ ಎಲ್ಲಾ ಮಣಿಕಟ್ಟಿಗೇ. ಹಿಂದಿನ ಸೀಟಂತೂ ಹೆಸರಿಗಷ್ಟೇ, ಡಬಲ್ಸ್ ಜಾಸ್ತಿ ಹೋಗೋರು ಟೆಸ್ಟ್ ರೈಡ್‌ಗೆ ಹಿಂದೆ ಕೂರೋರನ್ನೂ ಕರ್ಕೊಂಡು ಹೋಗಿ.