ಐಸ್ ಮೇಲಿನ ಟೆಂಟಿಗೆ ಯಾವ ಹೀಟರ್? ಪ್ರೊಪೇನೋ, ಡೀಸೆಲ್ಲೋ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಪ್ಪುಗಟ್ಟಿದ ಸರೋವರದ ಮೇಲೆ ಟೆಂಟ್ ಹಾಕಿ ಮೀನು ಹಿಡಿಯಲು ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವವರಿಗೆ ಗಂಟೆಗೆ 9,000 ಬಿಟಿಯು (ಶಾಖ ಅಳೆಯುವ ಮಾನ) ಕೊಡುವ ಪ್ರೊಪೇನ್ (ಸಿಲಿಂಡರಿನ ಗ್ಯಾಸ್) ಹೀಟರ್ ಸಾಕು. ರಾತ್ರಿ ಐಸ್ ಮೇಲೇ ಮಲಗುವ ಆಸೆ ಇದ್ದರೆ ಡೀಸೆಲ್ ಹೀಟರ್ ತಗೊಳ್ಳಿ. ಸಿಲಿಂಡರಿನ ತಲೆಯ ಮೇಲೆ ಕೂರುವ ತಟ್ಟೆಯಂಥ ಹೀಟರ್ ಬರುತ್ತದಲ್ಲ, ಅದು ಟೆಂಟಿನ ಒಳಗೆ ಬೇಡವೇ ಬೇಡ. ಯಾಕೆ ಅಂತ ಕೇಳುವವರು ಮುಂದೆ ಓದಿ.

ನಾನಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರ. ಇಲ್ಲಿಂದ ಉತ್ತರಕ್ಕೆ ಸುಮಾರು 100 ಮೈಲಿ ಹೋದರೆ ಮಿಲ್ ಲ್ಯಾಕ್ಸ್ ಸರೋವರ ಸಿಗುತ್ತದೆ. 1,32,000 ಎಕರೆ ನೀರು. ಚಳಿಗಾಲದಲ್ಲಿ ಐಸ್ ದಪ್ಪಗಾದ ಮೇಲೆ ಅದರ ಮೇಲೆ ಪಿಕಪ್ ಟ್ರಕ್‌ಗಳೇ ಓಡಾಡುತ್ತವೆ. ಐಸ್‌ಗೆ ತೂತು ಕೊರೆದು, ಗಾಳ ಇಳಿಬಿಟ್ಟು, ವಾಲೈ ಮೀನಿಗಾಗಿ ಗಂಟೆಗಟ್ಟಲೆ ಕಾಯುವ ಚಟ ಇಲ್ಲಿನವರಿಗೆ ಹುಟ್ಟಿನಿಂದಲೇ ಇರುತ್ತದೆ. ಈಚೆಗೆ ನಮ್ಮ ಕನ್ನಡದ ಹುಡುಗರಿಗೂ ಕೆಲವರಿಗೆ ಅಂಟಿಕೊಂಡಿದೆ. ನಡೆದುಹೋಗಲು ಹೊಸ, ಗಟ್ಟಿ ಐಸ್ ಕನಿಷ್ಠ 4 ಇಂಚಾದರೂ ಇರಬೇಕು ಅನ್ನುತ್ತದೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಅದು ಎಲ್ಲರಿಗೂ ಬಾಯಿಪಾಠ. ಹೀಟರ್ ವಿಷಯ ಬಂದಾಗ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನಾನು ಎಲ್ಲವನ್ನೂ ಹಾಕಿ ನೋಡಿದ್ದು ಒಂದೇ ಟೆಂಟಿನಲ್ಲಿ. ಇಬ್ಬರು ಆರಾಮಾಗಿ, ಮೂವರು ಒತ್ತಿಕೊಂಡು ಕೂರಬಹುದಾದ, ಗೋಡೆಯಲ್ಲಿ ಬೆಚ್ಚನೆಯ ಪದರ ಇರುವ ಮಡಚುವ ಟೆಂಟ್. ಈ ಪದರದ ವಿಷಯ ಇಲ್ಲೇ ಹೇಳುತ್ತೇನೆ. ಸುಮ್ನೆ ದೊಡ್ಡ ಹೀಟರ್ ತರುವ ಮುಂಚೆ ಆ ದುಡ್ಡನ್ನು ಟೆಂಟಿಗೆ ಹಾಕಿ. ಬರೀ ಒಂದು ಪದರದ ಬಟ್ಟೆಯ ಟೆಂಟಿನಲ್ಲಿ ಹೀಟರ್ ಆರಿಸಿದ ಕೆಲವೇ ನಿಮಿಷಕ್ಕೆ ಚಳಿ ಮೈಗೆ ಹತ್ತುತ್ತದೆ. ಬೆಚ್ಚನೆಯ ಪದರ ಇದ್ದರೆ ಅರ್ಧ ಉರಿಯಲ್ಲೇ ಜಾಕೆಟ್ ತೆಗೆದು ಕೂರಬಹುದು. ಟೆಂಟಿನ ಬುಡದ ಅಂಚಿನ ಮೇಲೆ ಸುತ್ತಲೂ ಮಂಜು ಎಳೆದು ಹಾಕಿದರೆ ಇನ್ನೂ ಒಳ್ಳೆಯದು, ಅದಕ್ಕೆ ದುಡ್ಡೂ ಬೇಡ.

ಇಲ್ಲಿ ಅತಿ ಹೆಚ್ಚು ಕಾಣುವುದು ಮಿಸ್ಟರ್ ಹೀಟರ್ ಕಂಪನಿಯ ಬಡ್ಡಿ (Buddy) ಸರಣಿ. ಮುಖ್ಯವಾಗಿ ಮೂರು ಗಾತ್ರ. ಲಿಟಲ್ ಬಡ್ಡಿ 3,800 ಬಿಟಿಯು. ಮಧ್ಯದ್ದಕ್ಕೆ 4,000 ಮತ್ತು 9,000, ಎರಡು ಹಂತ. ಬಿಗ್ ಬಡ್ಡಿ 18,000ದವರೆಗೆ ಹೋಗುತ್ತದೆ. ಬಿಟಿಯು ಲೆಕ್ಕ ತಲೆಗೆ ಹತ್ತದವರಿಗೆ: 9,000 ಅಂದರೆ ಸುಮಾರು 2.6 ಕಿಲೋವ್ಯಾಟ್. ಊರಿನ ಬಾತ್‌ರೂಮ್ ಗೀಸರ್ ಎಳೆಯುವಷ್ಟೇ ಹೆಚ್ಚುಕಮ್ಮಿ. ಅಷ್ಟನ್ನು ಒಂದು ಪುಟ್ಟ ಟೆಂಟಿಗೆ ಬಿಡುತ್ತಿದ್ದೀರಿ.

ಲಿಟಲ್ ಬಡ್ಡಿ ಒಬ್ಬರಿಗೆ. ಸಿಲಿಂಡರ್ ಮೇಲೆ ತಿರುಗಿಸಿ ಕೂರಿಸಿ, ಗುಂಡಿ ಒತ್ತಿ, ಕೈ ಕಾಯಿಸಿಕೊಳ್ಳಿ. ಸ್ಲೆಡ್ (ಜಾರುಬಂಡಿ) ಮೇಲೆ ಮಡಚಿ ಎಳೆದೊಯ್ಯುವ ಒಂಟಿ ಟೆಂಟಿಗೆ ಅದು ಚೆನ್ನ. ನನ್ನ ಟೆಂಟಿನಲ್ಲಿ ಅದು ಮುಖ ಕಾಯಿಸಿತು, ಬೆನ್ನು ಹಾಗೇ ಬಿಟ್ಟಿತು. ಉರಿ ಜಾಸ್ತಿ ಕಮ್ಮಿ ಮಾಡುವ ಹಂತವೂ ಇಲ್ಲ.

ಬಿಗ್ ಬಡ್ಡಿ ಇದಕ್ಕೆ ಉಲ್ಟಾ. ಪೂರ್ತಿ ಉರಿಗೆ ಇಟ್ಟರೆ ನಮ್ಮ ಟೆಂಟಿನಲ್ಲಿ ಕೂರಲಾಗದು. ಒಳಗೇ ಫ್ಯಾನ್ ಇರುವುದು ಅದರ ಪ್ಲಸ್ ಪಾಯಿಂಟ್. ನಾಲ್ಕೈದು ಜನರ ದೊಡ್ಡ ಟೆಂಟ್ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ತೂಕ ಹೊತ್ತಿದ್ದೇ ಬಂತು.

ಹಾಗಾಗಿ ಮಧ್ಯದ್ದು. ಅದರ ಲೆಕ್ಕ ಸರಳ. ಇದಕ್ಕೆ ಹಾಕುವ ಹಸಿರು ಪುಟ್ಟ ಸಿಲಿಂಡರಿನಲ್ಲಿ 1 ಪೌಂಡ್ ಪ್ರೊಪೇನ್, ಅಂದರೆ ಸುಮಾರು 21,600 ಬಿಟಿಯು ಇರುತ್ತದೆ. ಪೂರ್ತಿ ಉರಿಗೆ ಎರಡು ಗಂಟೆ ಚಿಲ್ಲರೆ, ಸಣ್ಣ ಉರಿಗೆ ಐದು ಗಂಟೆ ಚಿಲ್ಲರೆ. ನಾನು ಟೆಂಟ್ ನಿಲ್ಲಿಸಿದ ಕೂಡಲೇ ಪೂರ್ತಿ ಉರಿಗೆ ಇಟ್ಟು, ತೂತು ಕೊರೆದು, ಗಾಳ ಇಳಿಬಿಡುವಷ್ಟರಲ್ಲಿ ಸಣ್ಣ ಉರಿಗೆ ಇಳಿಸುತ್ತೇನೆ. ಒಂದು ದಿನಕ್ಕೆ ಎರಡು ಸಿಲಿಂಡರ್ ಇದ್ದರೆ ನಿಶ್ಚಿಂತೆ.

ಆದರೆ ಆ ಹಸಿರು ಪುಟ್ಟ ಸಿಲಿಂಡರ್ ಕೊರೆಯುವ ಚಳಿಯಲ್ಲಿ ಕೈಕೊಡುತ್ತದೆ, ಅದು ಯಾವ ಕಂಪನಿಯದ್ದಾದರೂ ಅಷ್ಟೇ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ಗೆ. ಅದಕ್ಕಿಂತ ಮೇಲೆ ಇದ್ದರೆ ಆವಿಯಾಗುತ್ತದೆ, ನಿಜ. ಆದರೆ ಆವಿಯಾಗಲು ತನ್ನ ಮೈಯ ಶಾಖವನ್ನೇ ತಿನ್ನುತ್ತದೆ. ಹೊರಗೆ ಮೈನಸ್ 25 ಇರುವಾಗ ಪೂರ್ತಿ ಉರಿಗೆ ಇಟ್ಟರೆ ಸಿಲಿಂಡರ್ ಹೊರಮೈ ತುಂಬ ಬಿಳಿ ಹಿಮ ಕೂರುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಕೆಂಪಗೆ ಹೊಳೆಯುತ್ತಿದ್ದ ಸೆರಾಮಿಕ್ ಹಲಗೆ ಮಂಕಾಗುತ್ತದೆ. ಗ್ಯಾಸ್ ಮುಗಿಯಿತು ಅಂತ ಬಿಚ್ಚಿ ಅಲ್ಲಾಡಿಸಿದರೆ ಇನ್ನೂ ಅರ್ಧ ಇರುತ್ತದೆ. ಊರಿನ ಅಡುಗೆ ಗ್ಯಾಸ್ ಆಗಿದ್ದರೆ ಇಲ್ಲಿ ಇಷ್ಟೂ ಕೆಲಸ ಮಾಡುತ್ತಿರಲಿಲ್ಲ. ಅದರಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಕುದಿಯುವುದನ್ನು ನಿಲ್ಲಿಸುತ್ತದೆ. ಇನ್ನು ಇದೇ ರಾಜ್ಯದ ಟವರ್ ಊರಿನ ಬಳಿ 1996ರ ಫೆಬ್ರುವರಿ 2ರಂದು ಮೈನಸ್ 51 ಡಿಗ್ರಿ ದಾಖಲಾಗಿತ್ತು. ಅವತ್ತು ಹೊರಗಿಟ್ಟ ಪ್ರೊಪೇನ್ ಕೂಡ ಸಿಲಿಂಡರಿನಲ್ಲಿ ನೀರಿನಂತೆ ಸುಮ್ಮನೆ ಕೂತಿರಬೇಕು.

ಪರಿಹಾರ ಏನೆಂದರೆ 20 ಪೌಂಡಿನ ದೊಡ್ಡ ಸಿಲಿಂಡರ್ ಹೊರಗಿಟ್ಟು, ಉದ್ದದ ಹೋಸ್ ಪೈಪಿನಲ್ಲಿ ಗ್ಯಾಸ್ ಒಳಗೆ ತರುವುದು. ದ್ರವ ಜಾಸ್ತಿ ಇರುವುದರಿಂದ ಅದು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಮಧ್ಯದ ಬಡ್ಡಿ ಪೂರ್ತಿ ಉರಿದರೂ ಹತ್ತಿರ ಹತ್ತಿರ 48 ಗಂಟೆ ಬರುತ್ತದೆ. ಗ್ಯಾಸ್ ಖರ್ಚೂ ತುಂಬಾ ಕಮ್ಮಿ. ಎರಡು ಎಚ್ಚರ ಬೇಕು. ಸಿಲಿಂಡರ್ ಕಡೆ ರೆಗ್ಯುಲೇಟರ್ ಇಲ್ಲದ ಹೋಸ್ ಆದರೆ, ರಬ್ಬರಿನಿಂದ ಎಣ್ಣೆಯಂಥ ಜಿಡ್ಡು ಗ್ಯಾಸ್ ಜೊತೆ ಬಂದು ಹೀಟರಿನ ಸಣ್ಣ ರಂಧ್ರ ಕಟ್ಟಿಸುತ್ತದೆ. ನಡುವೆ ಒಂದು ಫಿಲ್ಟರ್ ಹಾಕಿ. ಪ್ರತಿ ಸಲ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಇದನ್ನು ಮನೆಯ ಅಂಗಳದಲ್ಲೇ ಮಾಡಿಕೊಳ್ಳಿ, ಐಸ್ ಮೇಲೆ ಸೋಪಿನ ನೀರೂ ಗಟ್ಟಿಯಾಗುತ್ತದೆ. ಬಿಸಾಡುವ ಪುಟ್ಟ ಸಿಲಿಂಡರನ್ನು ಮನೆಯಲ್ಲಿ ಮತ್ತೆ ತುಂಬಿಸುವ ಜಾಣರೂ ಇದ್ದಾರೆ. ತುಂಬಿಸಿದ್ದನ್ನು ಸಾಗಿಸುವುದು ಕಾನೂನಿಗೆ ವಿರುದ್ಧ ಅಂತ ಅದರ ಮೈಮೇಲೇ ಅಚ್ಚಾಗಿರುತ್ತದೆ. ಮತ್ತೆ ಮತ್ತೆ ತುಂಬಿಸಲೆಂದೇ ಮಾಡಿದವು ಬೇರೆ ಸಿಗುತ್ತವೆ, ಅವನ್ನು ತಗೊಳ್ಳಿ.

ಈಗ ಪ್ರೊಪೇನಿನ ದೊಡ್ಡ ತಲೆನೋವಿಗೆ ಬರೋಣ. ನೀರು.

ಪ್ರೊಪೇನ್ ಉರಿದಾಗ ನೀರಾವಿ ಹುಟ್ಟುತ್ತದೆ. 1 ಪೌಂಡ್ ಗ್ಯಾಸ್ ಉರಿದರೆ ಸುಮಾರು ಮುಕ್ಕಾಲು ಲೀಟರ್ ನೀರು. ಈ ಹೀಟರ್‌ಗಳಿಗೆ ಹೊಗೆ ಕೊಳವೆ ಇಲ್ಲ, ಹಾಗಾಗಿ ಅಷ್ಟೂ ಟೆಂಟಿನ ಒಳಗೇ ಬೀಳುತ್ತದೆ. ಜೊತೆಗೆ ನಮ್ಮ ಉಸಿರು, ತೂತಿನಿಂದ ಏಳುವ ಹಬೆ. ಮೊದಲು ಚಾವಣಿಯ ಹೊಲಿಗೆಗಳ ಉದ್ದಕ್ಕೂ ಸಣ್ಣ ಹಿಮದ ಹರಳು ಮೂಡುತ್ತವೆ. ಉರಿ ಜಾಸ್ತಿ ಮಾಡಿದರೆ ಕರಗಿ, ಹನಿಯಾಗಿ, ಸರಿಯಾಗಿ ಕತ್ತಿನ ಪಟ್ಟಿಯ ಒಳಗೇ ಬೀಳುತ್ತದೆ. ಉರಿ ಆರಿಸಿದರೆ ಬಟ್ಟೆ ಹಲಗೆಯಂತೆ ಗಟ್ಟಿಯಾಗಿ, ಮಡಚಲು ಹೋದರೆ ಕಟಕಟ ಅನ್ನುತ್ತದೆ. ಮನೆಗೆ ಬಂದು ಗ್ಯಾರೇಜಿನಲ್ಲಿ ಬಿಡಿಸಿ ಒಣಗಿಸದಿದ್ದರೆ ಬೂಷ್ಟು ಗ್ಯಾರಂಟಿ. ಹಗಲು ಕೂತು ಬರುವವರಿಗೆ ಇದು ಕಿರಿಕಿರಿ ಅಷ್ಟೇ. ರಾತ್ರಿ ಮಲಗುವವರ ಸ್ಲೀಪಿಂಗ್ ಬ್ಯಾಗ್ ಒದ್ದೆಯಾದರೆ ಮಾತ್ರ ಅದು ಆಟವಲ್ಲ.

ಇಲ್ಲೇ ಡೀಸೆಲ್ ಗೆಲ್ಲುವುದು. ಲಾರಿ ಡ್ರೈವರ್‌ಗಳು ಕ್ಯಾಬಿನ್‌ಗೆ ಹಾಕಿಸಿಕೊಳ್ಳುವ ಹೀಟರೇ ಇದು. ವೆಬಾಸ್ಟೊ, ಎಬರ್‌ಸ್ಪೆಕರ್ ಕಂಪನಿಗಳದ್ದು ತುಂಬಾ ದುಬಾರಿ. ಅದೇ ಮಾದರಿಯ ಚೀನೀ ಪೆಟ್ಟಿಗೆಗಳು ಬಡ್ಡಿ ಹೀಟರಿಗೆ ಹೋಲಿಸಬಹುದಾದ ಬೆಲೆಗೆ ಸಿಗುತ್ತವೆ. ಉರಿ ಒಂದು ಮುಚ್ಚಿದ ಕೋಣೆಯಲ್ಲಿ, ಹೊಗೆ ಬೇರೆ ಕೊಳವೆಯಲ್ಲಿ ಹೊರಗೆ. ಟೆಂಟಿಗೆ ಬರುವುದು ಬರೀ ಬಿಸಿ ಗಾಳಿ. ನಾನು ಪೆಟ್ಟಿಗೆಯನ್ನು ಹೊರಗಿಟ್ಟು, ಬಿಸಿ ಗಾಳಿ ತರುವ ದಪ್ಪ ಡಕ್ಟ್ (ಕೊಳವೆ) ಒಂದನ್ನೇ ಒಳಗೆ ತೂರಿಸಿದೆ. ಬೆಳಗ್ಗೆ ಎದ್ದು ಚಾವಣಿ ಮುಟ್ಟಿದರೆ ಕೈಗೆ ತೇವ ಹತ್ತಲಿಲ್ಲ. ನೆನೆದ ಕೈಗವಸನ್ನು ಡಕ್ಟ್ ಬಾಯಿಯ ಎದುರು ನೇತುಹಾಕಿದರೆ ಒಣಗಿರುತ್ತದೆ. ಇದರ ಸುಖ ಪ್ರೊಪೇನಿನಲ್ಲಿ ಇಲ್ಲ ಬಿಡಿ.

ಖರ್ಚೂ ಹಗುರ. ಎರಡು ಕಿಲೋವ್ಯಾಟ್ ಶಾಖಕ್ಕೆ ಗಂಟೆಗೆ ಕಾಲು ಲೀಟರ್ ಆಸುಪಾಸು. ಇಡೀ ರಾತ್ರಿಗೆ ಮೂರು ಲೀಟರ್ ಸಾಕಾಗುತ್ತದೆ.

ಆದರೆ ರಗಳೆಗಳೂ ಇವೆ. 12 ವೋಲ್ಟ್ ಬ್ಯಾಟರಿ ಬೇಕೇ ಬೇಕು. ಹೊತ್ತಿಸುವಾಗ ಗ್ಲೋ ಪ್ಲಗ್ (ಕಾದು ಡೀಸೆಲ್ ಹೊತ್ತಿಸುವ ಕಡ್ಡಿ) ಕೆಲವು ನಿಮಿಷ 10 ಆಂಪಿಯರ್ ಹತ್ತಿರ ಎಳೆಯುತ್ತದೆ, ಆಮೇಲೆ ಒಂದೆರಡಕ್ಕೆ ಇಳಿಯುತ್ತದೆ. 50 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಒಂದು ರಾತ್ರಿಗೆ ಸಾಕು. ಅದನ್ನು ಟೆಂಟಿನ ಒಳಗಿಡಿ, ಸೊನ್ನೆಗಿಂತ ಕೆಳಗೆ ಚಾರ್ಜ್ ಮಾತ್ರ ಮಾಡಬೇಡಿ. ಡೀಸೆಲ್ ಕೂಡ ಚಳಿಗೆ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ತುಂಬಿಸಿಟ್ಟ ಕ್ಯಾನ್ ಇದ್ದರೆ ಅದು ಮೈನಸ್ 20ರಲ್ಲಿ ತುಪ್ಪದ ಹಾಗೆ ಆಗಿರುತ್ತದೆ. ಇಲ್ಲಿ ಬಂಕ್‌ನಲ್ಲಿ ಸಿಗುವ ನಂಬರ್ 1 ಡೀಸೆಲ್ (ಚಳಿಗೆ ಬೇಗ ಹೆಪ್ಪುಗಟ್ಟದ್ದು) ಹಾಕಬೇಕು. ಆರಿಸುವಾಗ ಬ್ಯಾಟರಿಯ ತಂತಿ ಕೀಳಬೇಡಿ, ಫ್ಯಾನ್ ತಿರುಗಿ ಒಳಗಿನ ಬಿಸಿ ಇಳಿಯಲು ಕೆಲವು ನಿಮಿಷ ಬಿಡಿ. ಯಾವಾಗಲೂ ಸಣ್ಣ ಉರಿಯಲ್ಲೇ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ. ಇಂಧನದ ಪಂಪ್ ಟಿಕ್ ಟಿಕ್ ಅಂತ ರಾತ್ರಿಯಿಡೀ ಬಡಿದುಕೊಳ್ಳುತ್ತದೆ, ನಿದ್ದೆ ಹಗುರ ಇರುವವರಿಗೆ ಕಷ್ಟ. ಇಷ್ಟೆಲ್ಲ ಸಾಮಾನು ಸ್ಲೆಡ್‌ಗೆ ಹಾಕಿ ಎಳೆದರೆ ಬೆನ್ನು ಬಾಗುತ್ತದೆ. ಮೂರು ಗಂಟೆ ಮೀನು ಹಿಡಿಯಲು ಇಷ್ಟು ಸಂಭ್ರಮ ಯಾಕೆ ಅಲ್ವಾ?

ತಟ್ಟೆ ಹೀಟರ್ ವಿಷಯ ಚುಟುಕಾಗಿ. 20 ಪೌಂಡ್ ಸಿಲಿಂಡರ್ ಮೇಲೆ ನೇರ ಕೂರುತ್ತದೆ, ಬೆಲೆ ಕಮ್ಮಿ, ಶಾಖ ಬೇಕಾದಷ್ಟು. ಗಾಳಿಯಾಡುವ ಕಟ್ಟಡ ಕೆಲಸದ ಜಾಗಕ್ಕೆ ಮಾಡಿದ್ದು ಅದು. ಆಮ್ಲಜನಕ ಕಮ್ಮಿಯಾದಾಗ ತಾನೇ ಆರುವ ಏರ್ಪಾಡು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೇಲಾಗಿ ಕೆಂಪಗೆ ಕಾದ ತಟ್ಟೆಯ ಪಕ್ಕದಲ್ಲೇ ಟೆಂಟಿನ ನೈಲಾನ್. ಅದನ್ನು ಟೆಂಟಿನ ಹೊರಗೆ ನಿಂತು ಕೈ ಕಾಯಿಸಿಕೊಳ್ಳಲು ಇಟ್ಟುಕೊಂಡಿದ್ದೇನೆ.

ಬಡ್ಡಿ ಹೀಟರ್‌ಗಳಲ್ಲಿ ಆ ಏರ್ಪಾಡು ಇದೆ. ಆಮ್ಲಜನಕ ಸುಮಾರು ಶೇಕಡಾ 18ಕ್ಕೆ ಇಳಿದರೆ ಪೈಲಟ್ ಉರಿ (ಸದಾ ಉರಿಯುವ ಪುಟ್ಟ ಜ್ವಾಲೆ) ಜಾಗ ಬಿಟ್ಟು ಮೇಲೇಳುತ್ತದೆ, ಅದರ ಪಕ್ಕದ ಥರ್ಮೋಕಪಲ್ (ಶಾಖ ಗುರುತಿಸುವ ಕಡ್ಡಿ) ತಣ್ಣಗಾಗಿ ಗ್ಯಾಸ್ ನಿಲ್ಲುತ್ತದೆ. ಉರುಳಿ ಬಿದ್ದರೂ ಆರುತ್ತದೆ. ಇಷ್ಟಿದ್ದರೂ ಅದು ಕಾರ್ಬನ್ ಮಾನಾಕ್ಸೈಡ್ ಅಳೆಯುವುದಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಗಾಳಿಯಾಡದ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿಯನ್ನು ಊರಲ್ಲಿ ಎಷ್ಟು ಸಲ ಓದಿದ್ದೇವೆ! ಅದೇ ವಿಷಗಾಳಿ, ಬಣ್ಣ ಇಲ್ಲ, ವಾಸನೆ ಇಲ್ಲ. ಟೆಂಟಿನ ಮೇಲಿನ ಕಿಂಡಿ ಒಂದು, ಕೆಳಗೆ ಒಂದು ತೆರೆದೇ ಇರಬೇಕು. ಬೆಚ್ಚಗಿನ ಗಾಳಿ ಹೋಗುತ್ತದೆ ಅಂತ ಜಿಪುಣತನ ಬೇಡ. ಈ ವಿಷಗಾಳಿ ಬಂದರೆ ಕೂಗುವ ಬ್ಯಾಟರಿಯ ಅಲಾರಂ ಒಂದನ್ನು ಕೂತಾಗ ತಲೆ ಇರುವ ಎತ್ತರಕ್ಕೆ ತೂಗುಹಾಕಿ. ಮನೆಗೆಂದು ಮಾಡಿದ ಅಲಾರಂಗಳನ್ನು ಸಾಮಾನ್ಯವಾಗಿ 4-5 ಡಿಗ್ರಿಗಿಂತ ಕೆಳಗೆ ನೆಚ್ಚುವಂತಿಲ್ಲ, ಹಾಗಾಗಿ ದಾರಿಯಲ್ಲಿ ಅದು ನನ್ನ ಒಳಜೇಬಿನಲ್ಲಿರುತ್ತದೆ. "ರೀ, ಅಲಾರಂ ಇಟ್ಕೊಂಡ್ರಾ?" ಅಂತ ಕೇಳದೆ ನಮ್ಮ ಮನೆಯವರು ಗ್ಯಾರೇಜ್ ಬಾಗಿಲು ತೆಗೆಯುವುದಿಲ್ಲ. ಡೀಸೆಲ್‌ಗೂ ಅಲಾರಂ ಬೇಕು. ಹೊಗೆ ಕೊಳವೆಯ ಜೋಡಣೆ ಸಡಿಲವಾದರೆ, ಗಾಳಿ ದಿಕ್ಕು ಬದಲಾಯಿಸಿದರೆ ಹೊಗೆ ಒಳಗೇ ಬರುತ್ತದೆ. ಪ್ರೊಪೇನ್ ಹೀಟರ್ ಹಚ್ಚಿಟ್ಟು ನಿದ್ದೆ ಮಾಡುವುದನ್ನಂತೂ ನಾನು ಒಪ್ಪುವುದಿಲ್ಲ.

ಯಾವ ಹೀಟರ್ ಆದರೂ ಕಾಲು ತಣ್ಣಗೇ ಇರುತ್ತದೆ. ತಲೆಯ ಹತ್ತಿರ ಸೆಕೆ, ಪಾದದ ಹತ್ತಿರ ಚೆಲ್ಲಿದ ನೀರು ಗಟ್ಟಿ. ಚಾವಣಿಗೆ ಒಂದು ಪುಟ್ಟ ಬ್ಯಾಟರಿ ಫ್ಯಾನ್ ಕಟ್ಟಿ ಗಾಳಿಯನ್ನು ಕೆಳಗೆ ತಳ್ಳಿ, ಕಾಲಡಿಗೆ ಫೋಮ್ ಮ್ಯಾಟ್ ಹಾಸಿ. ಹೀಟರನ್ನು ಐಸ್ ಮೇಲೆ ನೇರ ಇಡದೆ ಮರದ ಹಲಗೆ ಮೇಲಿಡಿ, ಇಲ್ಲದಿದ್ದರೆ ಅಡಿ ಕರಗಿ ವಾಲುತ್ತದೆ.

ಹೊಸದೇ ಕೊಳ್ಳಬೇಕೆಂದಿಲ್ಲ. ಮೀನು ಹಿಡಿಯಲು ಐಸ್ ಮೇಲೆ ತಂದಿಟ್ಟ ಪುಟ್ಟ ಮನೆಗಳನ್ನು ಮಾರ್ಚ್‌ನಲ್ಲಿ ಇಂತಿಷ್ಟು ದಿನದೊಳಗೆ ತೆಗೆಯಬೇಕೆಂಬ ನಿಯಮ ರಾಜ್ಯದಲ್ಲಿದೆ. ಆಗ ಎಷ್ಟೋ ಜನ ಹೀಟರನ್ನೂ ಮಾರಾಟಕ್ಕೆ ಇಡುತ್ತಾರೆ. ಬಡ್ಡಿ ಮಾದರಿಯದ್ದಾದರೆ ಅಲ್ಲೇ ಹಚ್ಚಿಸಿ ನೋಡಿ. ಸೆರಾಮಿಕ್ ಹಲಗೆಯಲ್ಲಿ ಬಿರುಕು ಇರಬಾರದು, ಇಡೀ ಹಲಗೆ ಒಂದೇ ಸಮ ಕೆಂಪಾಗಬೇಕು, ಓರೆ ಮಾಡಿದ ಕೂಡಲೇ ಆರಬೇಕು. ಆರದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹಳೆಯ ಡೀಸೆಲ್ ಪೆಟ್ಟಿಗೆ ಮಾತ್ರ, ಬಿಚ್ಚಿ ಮಸಿ ತೆಗೆಯುವ ತಾಳ್ಮೆ ಇರುವವರಿಗೆ.