ಹೇಜಲ್‌ನಟ್ ಹದ ಮಾಡುವುದು: ಬಾಣಲೆಯಾ, ಓವನ್ನಾ, ಅಡುಗೆ ಸೋಡಾ ನೀರಾ?

ಹೇಜಲ್‌ನಟ್‌ನ ತೆಳು ಕಂದು ಸಿಪ್ಪೆಯಲ್ಲಿ ಟ್ಯಾನಿನ್ ಇರುತ್ತದೆ. ಅದರಿಂದಲೇ ಆ ಒಗರು. ಕಪ್ಪು ಚಾಕೊಲೇಟ್ ಜೊತೆ ಸ್ವಲ್ಪ ಒಗರಿದ್ದರೂ ನಡೆಯುತ್ತದೆ, ಹಾಲು-ಕೆನೆಯ ಸಿಹಿಯಲ್ಲಿ ಮಾತ್ರ ಎದ್ದು ಕಾಣುತ್ತದೆ. ಅದಕ್ಕೇ ಒಂದೇ ಪೊಟ್ಟಣದ ಬೀಜವನ್ನು ಮೂರು ಪಾಲು ಮಾಡಿ, ಮೂರು ಥರ ಹದ ಮಾಡಿ, ಖಾರಕ್ಕೂ ಸಿಹಿಗೂ ಹಾಕಿ ನೋಡಿದೆ.

ಬಾಣಲೆ ಬೇಗ ಮುಗಿಯುವ ದಾರಿ. ಆದರೆ ಬೀಜ ಗುಂಡಗಿರುವುದರಿಂದ ಬಿಸಿ ಒಂದೇ ಕಡೆ ತಾಗುತ್ತದೆ. ಅಲ್ಲಿ ಕರಕಲು, ಒಳಗೆ ಹಸಿ. ಇಡೀ ಬೀಜಕ್ಕೆ ಬೇಡವೇ ಬೇಡ. ಒರಟಾಗಿ ಕತ್ತರಿಸಿ ಬೆಣ್ಣೆಯಲ್ಲಿ ಹುರಿಯುವುದಾದರೆ ಮಾತ್ರ ಬಾಣಲೆಯೇ ಸರಿ. ಬೆಣ್ಣೆ ಕಂದಾಗುವಾಗ ಬೀಜವೂ ಜೊತೆಗೇ ಕೆಂಪಾಗುತ್ತದೆ. ಬೇಯಿಸಿದ ಬೀನ್ಸ್ ಮೇಲೆ, ಪಾಸ್ತಾ ಮೇಲೆ ಅದನ್ನು ಹಾಗೇ ಸುರಿದರೆ ಸಾಕು.

ನನ್ನ ಮೆಚ್ಚುಗೆ ಓವನ್‌ಗೆ. 170 ಡಿಗ್ರಿ ಸೆಲ್ಸಿಯಸ್, 12ರಿಂದ 15 ನಿಮಿಷ, ಒಂದರ ಮೇಲೊಂದು ಬೀಳದಂತೆ ಹರಡಬೇಕು. ಹೊರಗಿನ ಬಣ್ಣ ನಂಬಬೇಡಿ, ಒಂದನ್ನು ಕತ್ತರಿಸಿ ನೋಡಿ. ಒಳಗೂ ತಿಳಿ ಹೊಂಬಣ್ಣ ಬಂದಿರಬೇಕು. ಬಿಸಿಬಿಸಿ ಇರುವಾಗಲೇ ದಪ್ಪ ಬಟ್ಟೆಯಲ್ಲಿ ಕಟ್ಟಿಡಿ. ಒಳಗಿನ ಹಬೆಗೆ ಸಿಪ್ಪೆ ಸಡಿಲವಾಗುತ್ತದೆ, ಆಮೇಲೆ ಉಜ್ಜಿ. ಪೂರ್ತಿ ಬಿಡುವುದಿಲ್ಲ, ಬಿಡಲೂಬೇಕಿಲ್ಲ! ಬೀಜ, ಕೆಂಪು ಮೆಣಸು ರುಬ್ಬಿ ಮಾಡುವ ಸ್ಪೇನ್‌ನ ರೊಮೆಸ್ಕೊ ಸಾಸ್‌ನಲ್ಲಿ, ಬೀಜ, ಮಸಾಲೆ ಕುಟ್ಟಿ ಮಾಡುವ ಈಜಿಪ್ಟಿನ ದುಕ್ಕಾ ಪುಡಿಯಲ್ಲಿ ಉಳಿದ ಚೂರು ಒಗರು ಬೆಳ್ಳುಳ್ಳಿ, ಜೀರಿಗೆಗೆ ಚೆನ್ನಾಗಿ ಹೊಂದುತ್ತದೆ. ಹೇಜಲ್‌ನಟ್‌ನ ತನ್ನದೇ ಘಮಕ್ಕೆ ಮುಖ್ಯ ಕಾರಣ ಫಿಲ್ಬರ್ಟೋನ್ ಅನ್ನುವ ಅಂಶ, ಅದು ಹುರಿದಾಗ ಜಾಸ್ತಿಯಾಗುತ್ತದೆ. ಓವನ್ ಪಾಲಿನಲ್ಲಿ ಆ ಘಮ ಎಲ್ಲಕ್ಕಿಂತ ಗಟ್ಟಿಯಾಗಿತ್ತು.

ಸೋಡಾ ನೀರಿನ ಕೆಲಸ ಬೇರೆ. 2 ಕಪ್ ಕುದಿಯುವ ನೀರಿಗೆ 3 ದೊಡ್ಡ ಚಮಚ ಅಡುಗೆ ಸೋಡಾ, ಅದರಲ್ಲಿ 1 ಕಪ್ ಬೀಜವನ್ನು 3-4 ನಿಮಿಷ ಕುದಿಸಬೇಕು. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆಯೇ ಇಡಿ. ನೀರು ಕಪ್ಪಾದರೆ ಹೆದರಬೇಡಿ, ಅದು ಸಿಪ್ಪೆಯ ಬಣ್ಣ. ತಣ್ಣೀರಿಗೆ ಹಾಕಿ ಬೆರಳಲ್ಲಿ ಒತ್ತಿದರೆ ಸಿಪ್ಪೆ ಪೂರ್ತಿ ಜಾರುತ್ತದೆ. ಚೆನ್ನಾಗಿ ತೊಳೆಯದಿದ್ದರೆ ಸೋಡಾ ರುಚಿ ಉಳಿಯುತ್ತದೆ. ಮೇಲೆ ಮತ್ತೆ ಒಣಗಿಸಿ ಹುರಿಯುವ ಕೆಲಸ ಬೇರೆ. ಆದರೂ ಮೆರಾಂಗ್ (ಮೊಟ್ಟೆಯ ಬಿಳಿಭಾಗ, ಸಕ್ಕರೆ ನೊರೆಯಾಗಿ ಕಡೆದು ಮಾಡುವ ಸಿಹಿ), ಕೆನೆಯ ಐಸ್‌ಕ್ರೀಮ್‌ನಂಥ ಬಿಳಿ ಸಿಹಿಗೆ ಇಷ್ಟು ಶ್ರಮ ಸಾರ್ಥಕ. ರೊಮೆಸ್ಕೊಗೆ ಇದೇ ಬೀಜ ಹಾಕಿದಾಗ ಸಾಸ್ ಸಪ್ಪೆ ಅನ್ನಿಸಿತು.

ರುಬ್ಬುವಾಗ ಇನ್ನೊಂದು ವ್ಯತ್ಯಾಸ ಇದೆ. ಬೀಜದಲ್ಲಿ ಸುಮಾರು 60% ಎಣ್ಣೆ. ಕೇಕಿಗೆ ಪುಡಿ ಬೇಕಾದರೆ ಪೂರ್ತಿ ತಣಿಸಿ, ಒಂದು ಚಮಚ ಸಕ್ಕರೆ ಸೇರಿಸಿ, ತಡೆದು ತಡೆದು ತಿರುಗಿಸಿ. ಚಾಕೊಲೇಟ್ ಜೊತೆ ಬೆರೆಸುವ ನುಣ್ಣನೆ ಪೇಸ್ಟ್‌ಗೆ ಇದರ ಉಲ್ಟಾ. ಬಿಸಿ ಇರುವಾಗಲೇ, ಎಣ್ಣೆ ಬಿಡುವವರೆಗೂ ರುಬ್ಬಿ. ಪುಡಿ ಇಡೀ ಬೀಜಕ್ಕಿಂತ ಬೇಗ ಕಮಟಾಗುತ್ತದೆ, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.